ಲೇತ್‌ನಲ್ಲಿ ಕಡೆಸಿದ ಫ್ರೇಮ್ ಸ್ಲೈಡರ್: ಹದಿನಾಲ್ಕು ತಿಂಗಳು ಓಡಿಸಿ, ಒಮ್ಮೆ ಬಿದ್ದೆದ್ದ ಮೇಲೆ

ಪೂರ್ತಿ ಫೇರಿಂಗ್ (ಗಾಡಿಯ ಮೈ ಮುಚ್ಚುವ ಪ್ಲಾಸ್ಟಿಕ್ ಹೊದಿಕೆ) ಹೊದ್ದ ಸ್ಪೋರ್ಟ್ಸ್ ಬೈಕು ನಿಂತಲ್ಲೇ ಪಕ್ಕಕ್ಕೆ ವಾಲಿ ಬಿದ್ದರೂ ಸಾಕು, ಫೇರಿಂಗ್ ಸೀಳುತ್ತದೆ, ಬ್ರೇಕ್ ಲಿವರ್ ಮುರಿಯುತ್ತದೆ, ಗ್ರಹಚಾರ ಕೆಟ್ಟಿದ್ದರೆ ಎಂಜಿನ್ನಿನ ಪಕ್ಕದ ಕವರ್ ಒಡೆದು ಆಯಿಲ್ ರಸ್ತೆಯ ಪಾಲಾಗುತ್ತದೆ. ಮಾಮೂಲಿ ಬೈಕುಗಳಿಗೆ ಹಾಕುವ ಪೈಪಿನ ಕ್ರ್ಯಾಶ್ ಗಾರ್ಡನ್ನು ಇಂಥ ಗಾಡಿಗೆ ಹಾಕಲು ಜಾಗವೇ ಇರುವುದಿಲ್ಲ. ಹೇಗೋ ಹಾಕಿದರೂ ತಿರುವಿನಲ್ಲಿ ಗಾಡಿ ವಾಲಿಸಿದಾಗ ಆ ಪೈಪು ನೆಲಕ್ಕೆ ತಾಗಿ, ಕಾಯಬೇಕಾದದ್ದೇ ಬೀಳಿಸುವ ಅಪಾಯವಿದೆ. ಆದ್ದರಿಂದ ಸ್ಪೋರ್ಟ್ಸ್ ಬೈಕಿಗೆ ಫ್ರೇಮ್ ಸ್ಲೈಡರ್ ಹಾಕುತ್ತಾರೆ. ಎಂಜಿನ್ನನ್ನು ಫ್ರೇಮಿಗೆ ಹಿಡಿದಿಡುವ ಬೋಲ್ಟುಗಳಲ್ಲಿ ಪ್ರತಿ ಪಕ್ಕದಲ್ಲೂ ಒಂದನ್ನು ಬಿಚ್ಚಿ, ಅದರ ಜಾಗಕ್ಕೆ ಉದ್ದನೆಯ ಬೋಲ್ಟು ಹಾಕಿ, ಅದರ ಮೇಲೆ ಗಟ್ಟಿ ಪ್ಲಾಸ್ಟಿಕ್ಕಿನ ಒಂದು ಗುಂಡನ್ನು ಫೇರಿಂಗಿಗಿಂತ ಹೊರಗೆ ಚಾಚಿ ಕೂರಿಸುವುದು ಇದರ ರೀತಿ. ಬಿದ್ದಾಗ ಆ ಗುಂಡು ನೆಲಕ್ಕೆ ಉಜ್ಜಿ ತಾನು ಸವೆಯಬೇಕು, ಗಾಡಿ ಉಳಿಯಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡ ರಾಡನ್ನು ಪೀಣ್ಯದ ಒಂದು ಲೇತ್ ಅಂಗಡಿಯಲ್ಲಿ ಕಡೆಸಿ, ನಾನೇ ಜೋಡಿಸಿದ ಅಂಥ ಒಂದು ಜೋಡಿಯ ವಿಮರ್ಶೆ ಇದು. ಜತೆಗೆ ಆ ಅಂಗಡಿಯ ಕೆಲಸದ ವಿಮರ್ಶೆಯೂ ಹೌದು, ಏಕೆಂದರೆ ಈ ವಸ್ತುವಿನ ಗುಣ ಅರ್ಧಕ್ಕಿಂತ ಹೆಚ್ಚು ಕಡೆದವರ ಕೈಯಲ್ಲಿದೆ.

ನನ್ನದು 2014ರಲ್ಲಿ ಕೊಂಡ 250 ಸಿಸಿಯ ಗಾಡಿ. ಅದರ ತಯಾರಿಕೆ ನಿಂತು ಕೆಲವು ವರ್ಷಗಳಾಗಿವೆ. ಮಾದರಿಯ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ನನ್ನ ಅಳತೆಗಳನ್ನು ಓದಿ ಯಾರಾದರೂ ಹಾಗೆಯೇ ಕಡೆಸಿಕೊಂಡರೆ ಅವರ ಗಾಡಿಗೆ ಅದು ಹೊಂದುತ್ತದೆಂಬ ಭರವಸೆ ಇಲ್ಲ. ಇದರ ಫೇರಿಂಗಿನ ಒಂದು ಪಕ್ಕದ ಭಾಗ ಒಡೆದರೆ ಹೊಸದು ಸಿಗುವುದು ಕಷ್ಟ, ಸಿಕ್ಕರೂ ತಿಂಗಳುಗಟ್ಟಲೆ ಕಾಯಬೇಕು. ಸ್ಲೈಡರಿಗಾಗಿ ಜೆ.ಸಿ. ರಸ್ತೆಯಲ್ಲಿ ಒಂದು ಶನಿವಾರ ಪೂರ್ತಿ ಅಲೆದೆ. ಈಗ ಮಾರಾಟದಲ್ಲಿರುವ ಗಾಡಿಗಳಿಗೆ ಬೇಕಾದಷ್ಟು ಇದ್ದವು, ನನ್ನದಕ್ಕೆ ಇರಲಿಲ್ಲ. ಒಂದು ಅಂಗಡಿಯವರು 3,800 ರೂಪಾಯಿಗೆ ಬೇರೆ ಮಾದರಿಯ ಜೋಡಿಯನ್ನು ತೋರಿಸಿ, ವಾಷರ್ ಹಾಕಿ ಹೊಂದಿಸಿಕೊಳ್ಳಬಹುದು ಎಂದರು. ಎಂಜಿನ್ನನ್ನು ಹಿಡಿದಿರುವ ಬೋಲ್ಟಿನ ವಿಷಯದಲ್ಲಿ ಅಂಥ ಹೊಂದಾಣಿಕೆ ಮಾಡಲು ನನಗೆ ಮನಸ್ಸು ಬರಲಿಲ್ಲ.

ಮಾಡಿಸುವ ಮೊದಲು, ಸಿದ್ಧ ಸ್ಲೈಡರುಗಳನ್ನು ಒಳಗಿನಿಂದ ನೋಡಬೇಕೆನಿಸಿತು. ಗೆಳೆಯನೊಬ್ಬನ ಗಾಡಿಯಲ್ಲಿ ಬ್ರಿಟನ್ನಿನ ಆರ್ ಅಂಡ್ ಜಿ ಕಂಪನಿಯ ಒಂದು ಜೋಡಿ ಇತ್ತು. ಹೊರಗಿನಿಂದ ನೋಡಿದರೆ ಅದು ಬರೀ ಪ್ಲಾಸ್ಟಿಕ್ ಗುಂಡು. ಬಿಚ್ಚಿ ಕೈಯಲ್ಲಿ ಹಿಡಿದಾಗ ತಿಳಿಯಿತು: ಬೋಲ್ಟಿನ ತಲೆ ತುದಿಯಲ್ಲಿಲ್ಲ, ಸಾಕಷ್ಟು ಆಳದಲ್ಲಿ ಕೂತಿದೆ, ಬೋಲ್ಟು ಬಿಗಿಯುವುದು ಪ್ಲಾಸ್ಟಿಕ್ಕಿನ ಮೇಲಲ್ಲ, ಲೋಹದ ಮೇಲೆ, ಹೊರ ಅಂಚೆಲ್ಲ ದುಂಡಾಗಿದೆ. ಈ ಮೂರು ಸಂಗತಿಗಳನ್ನು ಕಣ್ಣಾರೆ ಕಂಡೂ ನನ್ನ ಮೊದಲ ಜೋಡಿಯಲ್ಲಿ ಎರಡನೆಯದನ್ನು ಬಿಟ್ಟುಬಿಟ್ಟೆ. ಅದರ ಫಲವನ್ನೂ ಉಂಡೆ.

ಮೊದಲ ಜೋಡಿ ನೈಲಾನಿನದು. ಮನೆಯ ಹತ್ತಿರದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಬಿಳಿ ನೈಲಾನ್ ರಾಡನ್ನು 85 ಮಿಲಿಮೀಟರ್ ಉದ್ದಕ್ಕೆ ಕತ್ತರಿಸಿ, ನಡುವೆ ತೂತು ಕೊರೆದು, ತಲೆ ಮುಳುಗುವಷ್ಟು ಗುಂಡಿ ತೆಗೆದು ಕೊಟ್ಟರು. ಬೋಲ್ಟಿನ ತಲೆ, ಅದರಡಿ ವಾಷರ್, ವಾಷರಿನಡಿ ನೇರವಾಗಿ ನೈಲಾನ್, ಅದರಾಚೆ ಫ್ರೇಮು. ನಿಗದಿಯಷ್ಟು ಬಿಗಿಯಾದಾಗ ಕ್ಲಿಕ್ಕೆನ್ನುವ ಟಾರ್ಕ್ ರೆಂಚಿನಲ್ಲಿ ಸರ್ವಿಸ್ ಮ್ಯಾನ್ಯುವಲ್ ಹೇಳಿದಷ್ಟೇ ಬಿಗಿದೆ. ರೆಂಚು ಕ್ಲಿಕ್ಕೆಂದಾಗ ಕೆಲಸ ಮುಗಿಯಿತೆಂದು ನಂಬಿದೆ. ಎರಡು ವಾರ ಕಳೆದು ಗಾಡಿ ತೊಳೆಯುವಾಗ ಬಲಗಡೆಯ ಸ್ಲೈಡರನ್ನು ಬಟ್ಟೆಯಿಂದ ಒರೆಸಿದರೆ ಅದು ಬೆರಳಿಗೇ ತಿರುಗಿತು. ಬೋಲ್ಟು ತಾನಾಗಿ ಬಿಚ್ಚಿಕೊಂಡಿರಲಿಲ್ಲ. ಪ್ಲಾಸ್ಟಿಕ್ ಎಡೆಬಿಡದ ಒತ್ತಡದಲ್ಲಿ, ಅದರಲ್ಲೂ ಎಂಜಿನ್ನಿನ ಶಾಖದ ಪಕ್ಕದಲ್ಲಿ, ನಿಧಾನವಾಗಿ ಕುಗ್ಗುತ್ತ ಹೋಗುತ್ತದೆ. ಅದು ಕುಗ್ಗಿದಷ್ಟೂ ಬೋಲ್ಟಿನ ಬಿಗಿ ಕರಗುತ್ತದೆ. ವಾಷರ್ ಕೂತಿದ್ದ ಜಾಗದಲ್ಲಿ ಉಂಗುರದಂಥ ಅಚ್ಚು ಆಳವಾಗಿ ಮೂಡಿತ್ತು. ಎಂಜಿನ್ನನ್ನು ಫ್ರೇಮಿಗೆ ಕಟ್ಟಿದ್ದ ಒಂದು ಬೋಲ್ಟು ಎರಡು ವಾರ ಹೆಸರಿಗೆ ಮಾತ್ರ ಇತ್ತು ಎಂಬುದು ಅರ್ಥವಾದಾಗ ನನಗೆ ನಿಜಕ್ಕೂ ಭಯವಾಯಿತು. ಆ ದಿನವೇ ಎರಡನ್ನೂ ಬಿಚ್ಚಿ ಮೂಲ ಬೋಲ್ಟುಗಳನ್ನೇ ಹಾಕಿದೆ. ಮನೆಯಲ್ಲಿ ಸ್ಲೈಡರ್ ಮಾಡಲು ಹೊರಟವರು ಈ ಒಂದು ಮಾತನ್ನಾದರೂ ದಯವಿಟ್ಟು ಗಮನದಲ್ಲಿಡಬೇಕು: ಬೋಲ್ಟಿನ ಬಿಗಿ ತಲೆಯಿಂದ ಫ್ರೇಮಿನವರೆಗೆ ಲೋಹದಿಂದ ಲೋಹಕ್ಕೇ ಹೋಗಬೇಕು. ಪ್ಲಾಸ್ಟಿಕ್ ಅದರ ಸುತ್ತ ಹೊದಿಕೆಯಾಗಿ ಇರಬೇಕೇ ಹೊರತು ಆ ದಾರಿಯ ನಡುವೆ ಬರಬಾರದು.

ಎರಡನೇ ಸಲಕ್ಕೆ ನೈಲಾನ್ ಬಿಟ್ಟು ಡೆಲ್ರಿನ್ ಆರಿಸಿದೆ. ಡೆಲ್ರಿನ್ ಎಂಬುದು ಡ್ಯುಪಾಂಟ್ ಕಂಪನಿ 1960ರಲ್ಲಿ ಮಾರುಕಟ್ಟೆಗೆ ತಂದ ಪ್ಲಾಸ್ಟಿಕ್ಕಿನ ಹೆಸರು. ಜಾತಿಯಲ್ಲಿ ಅದು ಅಸಿಟಾಲ್. ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಯಾವ ಕಂಪನಿಯ ಅಸಿಟಾಲ್ ಆದರೂ ‘ಡೆಲ್ರಿನ್’ ಎಂದೇ ಕೊಡುತ್ತಾರೆ. ನೈಲಾನ್ ನೀರು ಹೀರುತ್ತದೆ, ಮಳೆಗಾಲದಲ್ಲಿ ಉಬ್ಬಿ ಅಳತೆ ತಪ್ಪುತ್ತದೆ. ಅಸಿಟಾಲ್ ಹೀರುವುದು ತೀರಾ ಕಡಿಮೆ, ಲೇತಿನಲ್ಲಿ ಚೊಕ್ಕವಾಗಿ ಕಡೆಯಲು ಬರುತ್ತದೆ, ಗಡಸಾಗಿದ್ದರೂ ಗಾಜಿನಂತೆ ಚೂರಾಗುವುದಿಲ್ಲ. ಉಜ್ಜಾಟವನ್ನು ತಡೆಯುವುದರಲ್ಲಿ ಅತಿ ಹೆಚ್ಚು ಅಣುಭಾರದ ಪಾಲಿಥೀನ್ ಇನ್ನೂ ಮೇಲು ಎಂಬುದು ನಿಜ, ಆದರೆ ಅದು ಮೆತ್ತಗೆ, ಸುಮಾರು 135 ಡಿಗ್ರಿಗೆ ಕರಗುತ್ತದೆ. ಡೆಲ್ರಿನ್ ಕರಗುವುದು ಸುಮಾರು 175ಕ್ಕೆ. ಡೆಲ್ರಿನ್ನಿನ ಒಂದು ಕೆಟ್ಟ ಗುಣವನ್ನೂ ಹೇಳಬೇಕು. ಅದು ಉರಿದರೆ ಜ್ವಾಲೆ ಮಾಸಲು ನೀಲಿ, ಹಗಲಲ್ಲಿ ಕಣ್ಣಿಗೆ ಬೀಳುವುದೇ ಕಷ್ಟ, ಹೊರಡುವ ಫಾರ್ಮಾಲ್ಡಿಹೈಡ್ ಹೊಗೆ ವಿಷ. ಮನೆಯಲ್ಲಿ ಗ್ರೈಂಡರ್ ಹಿಡಿದು ಅದನ್ನು ಉಜ್ಜಿ ಆಕಾರ ಕೊಡಲು ಹೋಗಬಾರದು. ಅಮೆರಿಕ, ಕೆನಡಾಗಳ ಹವ್ಯಾಸಿಗಳು ಐಸ್ ಹಾಕಿಯ ರಬ್ಬರ್ ಬಿಲ್ಲೆಗೆ ತೂತು ಕೊರೆದು ಸ್ಲೈಡರ್ ಮಾಡಿಕೊಳ್ಳುವುದುಂಟು. ನಿಂತ ಗಾಡಿ ಬಿದ್ದರೆ ಅದೂ ಕಾಪಾಡೀತು, ಓಡುವ ಗಾಡಿಗೆ ಮಾತ್ರ ನಾನು ಒಪ್ಪಲಾರೆ. ರಬ್ಬರ್ ರಸ್ತೆಯನ್ನು ಕಚ್ಚಿ ಹಿಡಿಯುತ್ತದೆ, ನಮಗೆ ಬೇಕಾದದ್ದು ಜಾರುವ ಗುಣ.

ಬೋಲ್ಟಿನ ವಿಷಯದಲ್ಲಿ ಈ ಬಾರಿ ಕಾಗದ ಹಿಡಿದು ಕೂತೆ. ಬೋಲ್ಟಿನ ತಲೆಯ ಮೇಲೆ 8.8, 10.9, 12.9 ಎಂದು ಬರೆದಿರುತ್ತದೆ. ಮೊದಲ ಅಂಕಿಯನ್ನು ನೂರರಿಂದ ಗುಣಿಸಿದರೆ ಅದು ಎಳೆತಕ್ಕೆ ತುಂಡಾಗುವ ಬಲ ಮೆಗಾಪ್ಯಾಸ್ಕಲ್‌ಗಳಲ್ಲಿ ಸಿಗುತ್ತದೆ. ಚುಕ್ಕೆಯಾಚೆಯ ಅಂಕಿ ಆ ಬಲದ ಎಷ್ಟು ಹತ್ತನೇ ಪಾಲಿಗೆ ಬೋಲ್ಟು ಮತ್ತೆ ಸರಿಹೋಗದಂತೆ ಹಿಗ್ಗುತ್ತದೆ ಎಂಬುದನ್ನು ಹೇಳುತ್ತದೆ. ನನ್ನ ಗಾಡಿಯ ಮೂಲ ಬೋಲ್ಟು ಎಂ10, ಅಂದರೆ 10 ಮಿಲಿಮೀಟರ್ ದಪ್ಪದ್ದು; ಥ್ರೆಡ್ಡಿನ ಸುತ್ತುಗಳ ನಡುವಿನ ದೂರ ಪಿಚ್ ಗೇಜಿಗೆ 1.25 ಮಿಲಿಮೀಟರ್ ಬಂತು. 10.9 ದರ್ಜೆಯ ಅಂಥ ಬೋಲ್ಟನ್ನು ಬರಿದಾಗಿ ಬಾಗಿಸಲು, ಥ್ರೆಡ್ಡಿನ ತಳದ ದಪ್ಪವನ್ನು ಹಿಡಿದು ಲೆಕ್ಕ ಹಾಕಿದರೆ, ಸುಮಾರು 55 ನ್ಯೂಟನ್ ಮೀಟರ್ ಸಾಕು. ಬೀಳುವ ಗಾಡಿಯ ಏಟಿನಲ್ಲಿ 150 ಕಿಲೋ ಭಾರದಷ್ಟು ಬಲ 65 ಮಿಲಿಮೀಟರ್ ದೂರದ ತುದಿಯ ಮೇಲೆ ಬಿದ್ದರೆ, ಅಲ್ಲಿಗೇ 95 ಆಗುತ್ತದೆ. ನನ್ನ ಮೊದಲ ಜೋಡಿಯಂತೆ 85 ಮಿಲಿಮೀಟರ್ ಇದ್ದರೆ 125. ಅಂದರೆ ಬರೀ ಬೋಲ್ಟನ್ನೇ ನಂಬಿದ ಸ್ಲೈಡರು ಬೀಳುವ ಮೊದಲೇ ಸೋತಿರುತ್ತದೆ. ಇಲ್ಲಿ ಬುಷ್, ಅಂದರೆ ಬೋಲ್ಟು ತೂರುವ ಲೋಹದ ಗಿಡ್ಡ ಕೊಳವೆ, ಕೆಲಸಕ್ಕೆ ಬರುತ್ತದೆ. ಬೋಲ್ಟಿನ ಸುತ್ತ 22 ಮಿಲಿಮೀಟರ್ ದಪ್ಪದ ಉಕ್ಕಿನ ಬುಷ್ ಇದ್ದು, ಅದರ ಬುಡ ಫ್ರೇಮಿನ ಮೇಲೆ ಸಮತಟ್ಟಾಗಿ ಕೂತು, ಬೋಲ್ಟಿನ ಬಿಗಿ ಅದನ್ನು ಒತ್ತಿ ಹಿಡಿದಿದ್ದರೆ, ಬಾಗಿಸುವ ಬಲ ಅಗಲವಾದ ಬುಡಕ್ಕೆ ಹಂಚಿಹೋಗುತ್ತದೆ. ಆ ಬುಡ ಒಂದು ಬದಿಯಲ್ಲಿ ಫ್ರೇಮಿನಿಂದ ಮೇಲೇಳುವವರೆಗೆ ಬೋಲ್ಟಿನ ಮೇಲೆ ಬಾಗಿನ ಹೊರೆ ಅಷ್ಟಾಗಿ ಬೀಳುವುದೇ ಇಲ್ಲ. ಗಿಡ್ಡನೆಯ ಸ್ಲೈಡರ್, ಅಗಲ ಬುಡದ ಬುಷ್, ಸರಿಯಾದ ಬಿಗಿ, ಇವಿಷ್ಟು ಸೇರಿದರೆ ಮಾತ್ರ ಹೊರಗೆ ಕಾಣುವ ಪ್ಲಾಸ್ಟಿಕ್ಕಿಗೆ ಅರ್ಥ. 12.9 ದರ್ಜೆ ಇನ್ನೂ ಬಲವಾದದ್ದಲ್ಲವೇ ಎಂದು ಹಲವರು ಕೇಳಿದ್ದಾರೆ. ಬಲ ಹೆಚ್ಚು, ಬಾಗುವ ಗುಣ ಕಡಿಮೆ. ಎಂಜಿನ್ನನ್ನು ಹಿಡಿದ ಬೋಲ್ಟು ಬಿದ್ದಾಗ ಸ್ವಲ್ಪ ಬಾಗಲಿ, ಮುರಿಯುವುದು ಬೇಡ ಎಂದು ನಾನು 10.9ಕ್ಕೇ ನಿಂತೆ. ತಲೆಯ ಮೇಲೆ ಅಂಕಿಯೇ ಇಲ್ಲದ ಬೋಲ್ಟನ್ನು ಒಬ್ಬ ವ್ಯಾಪಾರಿ ‘ಇದೂ ಹೈ ಟೆನ್ಸೈಲೇ’ ಎಂದು ಕೈಗಿಟ್ಟಿದ್ದರು, ಹಿಂದಿರುಗಿಸಿ ಬಂದೆ.

ಈಗ ಅಂಗಡಿಯ ವಿಷಯ. ಪೀಣ್ಯದ ಕೈಗಾರಿಕಾ ಪ್ರದೇಶದಲ್ಲಿ ಲೇತ್ ಅಂಗಡಿಗಳಿಗೆ ಲೆಕ್ಕವಿಲ್ಲ, ಆದರೆ ಹೆಚ್ಚಿನವರು ನೂರು, ಸಾವಿರ ತುಂಡುಗಳ ಕೆಲಸದವರು. ಎರಡೇ ತುಂಡು ಎಂದರೆ ಮುಖ ತಿರುಗಿಸುತ್ತಾರೆ. ನಾಲ್ಕು ಕಡೆ ಕೇಳಿ ಐದನೆಯ ಕಡೆ ಒಪ್ಪಿದರು. ಒಂದು ಶೆಡ್ಡು, ಎರಡು ಲೇತು, ಒಂದು ಡ್ರಿಲ್ಲಿಂಗ್ ಮೆಷಿನ್ನು. ಯಜಮಾನರು ಅರವತ್ತು ದಾಟಿದ ಟರ್ನರ್, ಜತೆಗೆ ಕೆಲಸ ಕಲಿಯುತ್ತಿರುವ ಅವರ ಅಳಿಯ. ನಾನು ಚೌಕಳಿ ಕಾಗದದಲ್ಲಿ ಬರೆದುಕೊಂಡು ಹೋಗಿದ್ದ ಚಿತ್ರವನ್ನು ಅವರು ಬೆಳಕಿಗೆ ಹಿಡಿದು ಸ್ವಲ್ಪ ಹೊತ್ತು ನೋಡಿ, ‘ಇದು ಏನಕ್ಕೆ ಬರುತ್ತೆ ಸಾರ್, ಮೊದಲು ಅದನ್ನ ಹೇಳಿ’ ಎಂದರು. ಹೇಳಿದೆ. ಗಾಡಿಯನ್ನು ಒಳಗೆ ತರಿಸಿ, ಬಗ್ಗಿ, ಬೋಲ್ಟಿನ ಸುತ್ತ ಫ್ರೇಮಿನ ಮುಖವನ್ನು ಬೆರಳಿನಿಂದ ಸವರಿದರು. ‘ಇಲ್ಲಿ ಪೇಂಟು ಗಂಟುಗಂಟಾಗಿದೆ, ಬುಷ್ ಸಮ ಕೂರಲ್ಲ. ಇದನ್ನ ನೀವು ಕೆರೀಬೇಕು, ಇಲ್ಲಾಂದ್ರೆ ನಾನು ಎಷ್ಟು ಕರೆಕ್ಟಾಗಿ ಕಡೆದ್ರೂ ದಂಡ’ ಎಂದರು. ನನ್ನ ಚಿತ್ರದಲ್ಲಿ ಇಲ್ಲದ ಮಾತು ಅದು. ಆ ಕ್ಷಣಕ್ಕೇ ಕೆಲಸ ಇಲ್ಲೇ ಎಂದು ನಿರ್ಧರಿಸಿದೆ.

ನಾನು ಕೊಂಡೊಯ್ದಿದ್ದು 50 ಮಿಲಿಮೀಟರ್ ದಪ್ಪ, 300 ಮಿಲಿಮೀಟರ್ ಉದ್ದದ ಕರಿ ರಾಡು. ತೂಕ 830 ಗ್ರಾಂ ಆಸುಪಾಸು, ಬೆಲೆ 480 ರೂಪಾಯಿ. ಅವರು ಅದನ್ನು ಲೇತಿನ ತಿರುಗುವ ಹಿಡಿತಕ್ಕೆ (ಚಕ್) ಕಚ್ಚಿಸಿ, ಮೊದಲು ಮುಖ ಸಮ ಮಾಡಿದರು. ಡೆಲ್ರಿನ್ ಕಡೆಯುವಾಗ ಉಕ್ಕಿನಂತೆ ಚೂರು ಸಿಡಿಯುವುದಿಲ್ಲ, ಕರಿ ರಿಬ್ಬನ್ನಿನಂತೆ ಸುರುಳಿ ಸುತ್ತುತ್ತ ಉದ್ದಕ್ಕೆ ಬರುತ್ತದೆ. ಅದು ಜಾಬಿನ, ಅಂದರೆ ಕಡೆಯುತ್ತಿರುವ ತುಂಡಿನ, ಸುತ್ತ ಸುತ್ತಿಕೊಳ್ಳದಂತೆ ಅಳಿಯ ಕೊಕ್ಕೆ ಕಡ್ಡಿಯಿಂದ ಎಳೆದು ಹಾಕುತ್ತಿದ್ದ. ತೂತನ್ನು ಒಂದೇ ಏಟಿಗೆ 22ಕ್ಕೆ ಕೊರೆಯಲಿಲ್ಲ. ಮೊದಲು 10, ಆಮೇಲೆ 18, ಕೊನೆಯದನ್ನು ಬೋರಿಂಗ್ ಟೂಲಿನಲ್ಲಿ ಮೆಲ್ಲಗೆ ತೆಗೆದರು, ನಡುವೆ ಎರಡು ಸಲ ಮೆಷಿನ್ ನಿಲ್ಲಿಸಿ ಜಾಬು ತಣಿಯಲು ಬಿಟ್ಟರು. ಪ್ಲಾಸ್ಟಿಕ್ ಬಿಸಿಯಿದ್ದಾಗ ಹಿಗ್ಗಿರುತ್ತದೆ, ಆಗ ಅಳೆದರೆ ಆರಿದ ಮೇಲೆ ತೂತು ಸಣ್ಣದಾಗುತ್ತದೆ ಎಂದು ವಿವರಿಸಿದರು. ಬುಷ್ಷನ್ನು ಇಎನ್8 ದರ್ಜೆಯ ಉಕ್ಕಿನಲ್ಲಿ ಕಡೆದು, ಅದರ ಸುತ್ತ ವಾಷರಿನಡಿಗೆ ಬರುವ ಪ್ಲಾಸ್ಟಿಕ್ಕಿಗಿಂತ 0.2 ಮಿಲಿಮೀಟರ್ ಗಿಡ್ಡ ಮಾಡಿದರು. ಬೋಲ್ಟು ಬಿಗಿದಾಗ ಪ್ಲಾಸ್ಟಿಕ್ ಕೂದಲೆಳೆಯಷ್ಟು ಒತ್ತಿಕೊಂಡು ಅಲ್ಲಾಡದೆ ನಿಲ್ಲಬೇಕು, ಉಳಿದ ಹೊರೆಯೆಲ್ಲ ಬುಷ್ಷಿಗೆ ಹೋಗಬೇಕು ಎಂಬುದು ಅದರ ಮರ್ಮ. ವರ್ನಿಯರ್ ಇಟ್ಟು ನೋಡಿದೆ. ಎರಡೂ ಬುಷ್ಷುಗಳ ಉದ್ದದಲ್ಲಿ ಒಂದಕ್ಕೊಂದು ವ್ಯತ್ಯಾಸ ನನ್ನ ವರ್ನಿಯರಿಗೆ ಸಿಗಲಿಲ್ಲ. ಬೋಲ್ಟಿನ ತಲೆ ತುದಿಯಿಂದ 25 ಮಿಲಿಮೀಟರ್ ಒಳಗೆ ಕೂರುತ್ತದೆ. ಅಂದರೆ ಸವೆಯಲು 25 ಮಿಲಿಮೀಟರ್ ಪ್ಲಾಸ್ಟಿಕ್ ಇದೆ, ಆಮೇಲಷ್ಟೇ ಲೋಹ ನೆಲ ಮುಟ್ಟುತ್ತದೆ. ಹೊರ ಅಂಚನ್ನು ಅವರು ಕೇಳದೆಯೇ ದುಂಡಗೆ ಮಾಡಿ ಕೊಟ್ಟರು.

ಕುಂದು ಒಂದೇ: ಹೇಳಿದ ದಿನಕ್ಕೆ ಕೆಲಸ ಆಗಲಿಲ್ಲ. ಮಂಗಳವಾರ ಎಂದದ್ದು ಮುಂದಿನ ಸೋಮವಾರವಾಯಿತು. ದೊಡ್ಡ ಗಿರಾಕಿಯ ಕೆಲಸ ಬಂದರೆ ನಮ್ಮದು ಹಿಂದಕ್ಕೆ ಹೋಗುತ್ತದೆ. ಮಜೂರಿ ಜೋಡಿಗೆ 900 ರೂಪಾಯಿ ತೆಗೆದುಕೊಂಡರು. ಕೆಲಸದ ಅಚ್ಚುಕಟ್ಟಿಗೆ ಅದು ಕಡಿಮೆಯೇ.

ಜೋಡಿಸುವಾಗ ಎಂಜಿನ್ನಿನಡಿಗೆ ಹಲಗೆ ಇಟ್ಟು ಜ್ಯಾಕಿನಿಂದ ಮೆಲ್ಲಗೆ ಆಸರೆ ಕೊಟ್ಟು, ಒಂದು ಪಕ್ಕ ಮುಗಿಸಿದ ಮೇಲೆಯೇ ಇನ್ನೊಂದನ್ನು ಬಿಚ್ಚಿದೆ. ಎರಡನ್ನೂ ಒಮ್ಮೆಗೇ ಬಿಚ್ಚಿದರೆ ಎಂಜಿನ್ ಕೂದಲಷ್ಟು ಕುಸಿದು ತೂತುಗಳು ಸಾಲು ತಪ್ಪುತ್ತವೆ, ಆಮೇಲೆ ಸುತ್ತಿಗೆ ಹಿಡಿಯುವ ಪರಿಸ್ಥಿತಿ ಬರುತ್ತದೆ. ಬುಷ್ ಕೂರುವಷ್ಟು ಜಾಗದ ಬಣ್ಣವನ್ನು ಕೆರೆದು, ತುಕ್ಕು ಹಿಡಿಯದಂತೆ ತೆಳುವಾಗಿ ಗ್ರೀಸ್ ಸವರಿದೆ. ಹೊಸ ಬೋಲ್ಟು ಎಷ್ಟು ಉದ್ದ ಇರಬೇಕೆಂಬುದಕ್ಕೆ ಅಳತೆಗೋಲು ಮೂಲ ಬೋಲ್ಟೇ: ಅದರ ಥ್ರೆಡ್ ಎಷ್ಟು ಒಳಗೆ ಹೋಗಿತ್ತೋ ಅಷ್ಟೇ ಇದರದ್ದೂ ಹೋಗಬೇಕು. ಕಡಿಮೆಯಾದರೆ ಥ್ರೆಡ್ ಕಿತ್ತು ಬರುತ್ತದೆ; ಹೆಚ್ಚಾದರೆ, ಮುಚ್ಚಿದ ತೂತಾಗಿದ್ದಲ್ಲಿ, ಬೋಲ್ಟು ತಳಕ್ಕೆ ತಾಗಿ ರೆಂಚು ಕ್ಲಿಕ್ ಎನ್ನುತ್ತದೆ, ಬುಷ್ ಮಾತ್ರ ಸಡಿಲವಾಗಿಯೇ ಉಳಿಯುತ್ತದೆ. ಥ್ರೆಡ್ಡಿಗೆ, ಬೋಲ್ಟು ಸಡಿಲವಾಗದಂತೆ ಹಿಡಿಯುವ ಅಂಟಾದ ನೀಲಿ ಲಾಕ್‌ಟೈಟ್ 243 ಹಾಕಿದೆ, ಟಾರ್ಕ್ ಮ್ಯಾನ್ಯುವಲ್ ಹೇಳಿದಷ್ಟೇ ಕೊಟ್ಟೆ. ಬೋಲ್ಟಿನ ದರ್ಜೆ ಏರಿದೆ ಎಂದು ಬಿಗಿಯನ್ನೂ ಏರಿಸುವುದು ತಪ್ಪು, ಏಕೆಂದರೆ ಎದುರಿಗಿರುವ ಥ್ರೆಡ್ ಹಳೆಯದೇ.

ಫೇರಿಂಗಿನಲ್ಲಿ 54 ಮಿಲಿಮೀಟರಿನ ತೂತು ತೆಗೆಯಬೇಕಾಯಿತು, ಅದು ಮನಸ್ಸಿಗೆ ನೋವಿನ ಕೆಲಸ. ಬೋಲ್ಟಿನ ತಲೆಗೆ ರಂಗೋಲಿ ಪುಡಿ ಕಲಸಿದ ಮುದ್ದೆ ಅಂಟಿಸಿ, ಫೇರಿಂಗನ್ನು ಜಾಗಕ್ಕೆ ಹಿಡಿದು ಒತ್ತಿ, ಒಳಗೆ ಮೂಡಿದ ಬಿಳಿ ಗುರುತನ್ನೇ ನಡುವಾಗಿ ಇಟ್ಟುಕೊಂಡು ಹೋಲ್ ಸಾ ಹಾಕಿದೆ. ಗುರುತು ಸರಿಯಾಗಿ ಸಿಕ್ಕಿತು. ಕೊನೆಗೆ, ಟ್ಯಾಂಕಿನಲ್ಲಿ ಪೆಟ್ರೋಲ್ ತಳ ಕಂಡಿದ್ದ ಒಂದು ಸಂಜೆ, ಅಂಗಳದಲ್ಲಿ ಹಳೆಯ ಹಾಸಿಗೆ ಹಾಸಿ, ಅದರ ಮೇಲೆ ಹಲಗೆ ಇಟ್ಟು, ಮೂವರು ಹಿಡಿದು ಗಾಡಿಯನ್ನು ಎರಡೂ ಪಕ್ಕಕ್ಕೆ ನಿಧಾನವಾಗಿ ಮಲಗಿಸಿ ನೋಡಿದೆವು. ಹ್ಯಾಂಡಲ್ ತುದಿ, ಸ್ಲೈಡರ್, ಫುಟ್‌ಪೆಗ್, ಈ ಮೂರರ ಮೇಲೆ ಗಾಡಿ ನಿಂತಿತು. ಫೇರಿಂಗಿಗೂ ಹಲಗೆಗೂ ನಡುವೆ ನನ್ನ ಕಿರುಬೆರಳು ತೂರುವಷ್ಟು ಜಾಗ ಉಳಿಯಿತು. ಸ್ಲೈಡರಿನ ಉದ್ದವನ್ನು 85ರಿಂದ 65ಕ್ಕೆ ಇಳಿಸಿದ್ದು ಸಾಕಾದೀತೇ ಎಂಬ ನನ್ನ ಅನುಮಾನ ಅಲ್ಲಿಗೆ ತೀರಿತು.

ನಿಜವಾದ ಪರೀಕ್ಷೆ ಹನ್ನೊಂದನೆಯ ತಿಂಗಳಲ್ಲಿ ಆಯಿತು. ಭಾನುವಾರ ಬೆಳಗಿನ ಹೊತ್ತು, ನಂದಿ ಬೆಟ್ಟದ ಕಡೆ ಹೋಗುವಾಗ ಒಂದು ಬಲ ತಿರುವಿನಲ್ಲಿ ಟಿಪ್ಪರಿನಿಂದ ಉದುರಿದ ಜಲ್ಲಿಪುಡಿ ಹರಡಿತ್ತು. ವೇಗ ನಲವತ್ತರ ಒಳಗೇ ಇತ್ತು. ಮುಂದಿನ ಚಕ್ರ ಜಾರಿ ಗಾಡಿ ಬಲಕ್ಕೆ ಮಲಗಿ ಆರೇಳು ಮೀಟರ್ ಉಜ್ಜಿಕೊಂಡು ಹೋಯಿತು. ಜ್ಯಾಕೆಟ್, ಗ್ಲೌಸ್, ಮಂಡಿ ಗಾರ್ಡ್ ಇದ್ದುದರಿಂದ ನನಗೆ ಮಂಡಿ ಊತ ಬಿಟ್ಟರೆ ಬೇರೇನೂ ಆಗಲಿಲ್ಲ. ಗಾಡಿ ಎತ್ತಿ ನಿಲ್ಲಿಸಿ, ಕೈ ನಡುಗುತ್ತಿದ್ದರೂ ಮೊದಲು ಬಗ್ಗಿ ನೋಡಿದ್ದು ಎಂಜಿನ್ ಕವರನ್ನು. ಅದರ ಮೇಲೆ ಧೂಳಿತ್ತು, ಗೀರು ಇರಲಿಲ್ಲ. ಫೇರಿಂಗಿನ ಕೆಳ ಅಂಚಿನಲ್ಲಿ ಅಂಗೈಯಷ್ಟು ತರಚು, ಹ್ಯಾಂಡಲ್ ತುದಿಯ ತೂಕ ಅರ್ಧಚಂದ್ರದಂತೆ ಸವೆದಿತ್ತು, ಬ್ರೇಕ್ ಲಿವರಿನ ತುದಿಯ ಗುಂಡು ಹೋಗಿತ್ತು. ಸ್ಲೈಡರಿನ ದುಂಡು ತುದಿ ಇಳಿಜಾರಾಗಿ ಕೊಯ್ದಂತಾಗಿತ್ತು. ಮುಂದಿನ ಅಂಚಿನಲ್ಲಿ 4, ಹಿಂದಿನ ಅಂಚಿನಲ್ಲಿ 11 ಮಿಲಿಮೀಟರ್ ಸವೆತ. ಆ ಮುಖದಲ್ಲಿ ಜಲ್ಲಿಯ ಸಣ್ಣ ಸಣ್ಣ ಹರಳುಗಳು ಕಚ್ಚಿಕೊಂಡು ಬಿಸಿಲಿಗೆ ಮಿನುಗುತ್ತಿದ್ದವು. ಹೆಚ್ಚು ಸವೆದ ಕಡೆಯೂ ಬೋಲ್ಟಿನ ತಲೆಯ ಮೇಲೆ 14 ಮಿಲಿಮೀಟರ್ ಪ್ಲಾಸ್ಟಿಕ್ ಉಳಿದಿತ್ತು.

ಮನೆಗೆ ಬಂದು ಆ ಬೋಲ್ಟನ್ನು ಬಿಚ್ಚಿ ಗಾಜಿನ ಮೇಲೆ ಉರುಳಿಸಿದೆ. ಕಣ್ಣಿಗೆ ನೇರವಾಗಿದ್ದದ್ದು ಉರುಳುವಾಗ ತುಸು ಕುಣಿಯಿತು. ಪೀಣ್ಯಕ್ಕೆ ಒಯ್ದಾಗ ಯಜಮಾನರು ಡಯಲ್ ಗೇಜ್ ಹಚ್ಚಿ 0.3 ಮಿಲಿಮೀಟರ್ ಎಂದರು. ಬುಷ್ಷಿನ ಬುಡದಲ್ಲಿ ಒಂದು ಪಕ್ಕಕ್ಕೆ ಮಾತ್ರ ಒತ್ತಿದ ಗುರುತು ಹೊಳೆಯುತ್ತಿತ್ತು. ಫ್ರೇಮಿನ ಮುಖ ಸಮವಾಗಿಯೇ ಇತ್ತು, ಥ್ರೆಡ್ಡಿಗೆ ಮೂಲ ಬೋಲ್ಟು ಕೈಯಲ್ಲೇ ಸಲೀಸಾಗಿ ಹೋಯಿತು. ಅಷ್ಟು ಸಣ್ಣ ಬಾಗು ಇದ್ದರೂ ಆ ಬೋಲ್ಟನ್ನು ಮತ್ತೆ ಹಾಕಲಿಲ್ಲ. ಒಮ್ಮೆ ಬಿದ್ದ ಸ್ಲೈಡರಿನ ಬೋಲ್ಟು ನೋಡಲು ಎಷ್ಟೇ ಚೆನ್ನಾಗಿದ್ದರೂ ಬದಲಾಯಿಸಬೇಕು. 80 ರೂಪಾಯಿಯ ವಸ್ತುವಿನಲ್ಲಿ ಉಳಿತಾಯ ಮಾಡುವ ಜಾಗ ಅದಲ್ಲ.

ಇದರ ಮಿತಿಗಳನ್ನೂ ಬರೆಯಲೇಬೇಕು. ನಯವಾದ ರಸ್ತೆಯ ಮೇಲೆ ಜಾರುವ ಗಾಡಿಗೆ ಸ್ಲೈಡರ್ ಉಪಕಾರಿ. ಜಾರುತ್ತ ಹೋಗಿ ಡಿವೈಡರಿನ ಅಂಚಿಗೋ ಫುಟ್‌ಪಾತಿನ ಕಲ್ಲಿಗೋ ಸಿಕ್ಕಿದರೆ ಅದೇ ಗೂಟದಂತೆ ತಗುಲಿಕೊಂಡು ಗಾಡಿಯನ್ನು ಪಲ್ಟಿ ಹೊಡೆಸಬಹುದು, ಆ ಏಟು ನೇರ ಫ್ರೇಮಿಗೇ ಹೋಗುತ್ತದೆ. ರೇಸ್ ಟ್ರ್ಯಾಕಿನಲ್ಲಿಯೂ ಅಂಚಿನಾಚೆಯ ಮಣ್ಣಿಗೆ ಇಳಿದರೆ ಅದು ನೆಲ ಅಗೆಯುತ್ತದೆ. ಚೆನ್ನೈ ಹತ್ತಿರದ ಇರುಂಗಾಟುಕೋಟ್ಟೈ ಟ್ರ್ಯಾಕಿಗೋ ಕೊಯಮತ್ತೂರಿನ ಕಾರಿ ಟ್ರ್ಯಾಕಿಗೋ ಹೋಗುವವರು ಗಿಡ್ಡ ಸ್ಲೈಡರನ್ನೇ ಆರಿಸುವುದು ಒಳ್ಳೆಯದು. ಎಂಜಿನ್ ಹಿಡಿಯುವ ಜಾಗ ಎರಕದ ಅಲ್ಯುಮಿನಿಯಂ ಆಗಿರುವ ಗಾಡಿಗಳಲ್ಲಿ ನಾನು ಈ ಕೆಲಸಕ್ಕೆ ಕೈ ಹಾಕುವುದಿಲ್ಲ. ಅಲ್ಲಿ ಬಿರುಕು ಬಂದರೆ ಫೇರಿಂಗಿನ ಹತ್ತು ಪಟ್ಟು ಖರ್ಚು. ವಾರಂಟಿ ಇರುವ ಹೊಸ ಗಾಡಿಯವರು ಷೋರೂಮಿನಲ್ಲಿ ಮೊದಲು ಕೇಳಬೇಕು.

ಅದೇ ಅಂಗಡಿಯಲ್ಲಿ ಮುಂದಿನ ಚಕ್ರದ ಅಚ್ಚಿಗೂ ಒಂದು ಜೋಡಿ ಸಣ್ಣ ಬಿಲ್ಲೆ ಮಾಡಿಸಿದೆ. ಅಚ್ಚು ಟೊಳ್ಳಾಗಿರುವುದರಿಂದ ಅದರೊಳಗೆ 8 ಮಿಲಿಮೀಟರಿನ ಥ್ರೆಡ್ ರಾಡು ತೂರಿಸಿ, ಎರಡು ತುದಿಗೂ ಡೆಲ್ರಿನ್ ಬಿಲ್ಲೆ ಹಾಕಿ ತಾನಾಗಿ ಸಡಿಲವಾಗದ ನೈಲಾಕ್ ನಟ್ಟಿನಿಂದ ಬಿಗಿಯುವುದು. ಅಚ್ಚಿನ ಬಿಗಿಗೂ ಇದಕ್ಕೂ ಸಂಬಂಧವಿಲ್ಲ, ಆದ್ದರಿಂದ ತಪ್ಪಿದರೂ ಅಪಾಯ ಕಡಿಮೆ. ಮನೆಯಲ್ಲಿ ಮೊದಲ ಬಾರಿಗೆ ಏನಾದರೂ ಮಾಡಬೇಕೆನ್ನುವವರು ಇದರಿಂದಲೇ ಆರಂಭಿಸಲಿ ಎಂದು ನನ್ನ ಸಲಹೆ. ಎಂಜಿನ್ ಕವರಿನ ರಕ್ಷಣೆಯನ್ನು ಮಾತ್ರ ಮನೆಯಲ್ಲಿ ಮಾಡುವುದು ಬೇಡ. ಮೂಲ ಕವರಿನ ಮೇಲೆಯೇ ಗ್ಲಾಸ್ ಫೈಬರ್ ಬಟ್ಟೆಯನ್ನು ಎಪಾಕ್ಸಿಯಲ್ಲಿ ಅಂಟಿಸುವವರಿದ್ದಾರೆ. ಸಾಮಾನ್ಯ ಎಪಾಕ್ಸಿ 60 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗತೊಡಗುತ್ತದೆ, ಬಿಸಿ ಎಂಜಿನ್ನಿನ ಕವರು ಅದನ್ನು ಸುಲಭವಾಗಿ ದಾಟುತ್ತದೆ. ಜಿಬಿ ರೇಸಿಂಗಿನಂಥ ಕಂಪನಿಗಳು ಗಾಜಿನ ನಾರು ಬೆರೆಸಿದ ನೈಲಾನಿನಲ್ಲಿ ಅಚ್ಚು ಹಾಕಿ ಮಾಡುವ ಕವರುಗಳಿಗೆ ಬೆಲೆ ಹೆಚ್ಚಾದರೂ ಆ ಕೆಲಸ ಲೇತಿನಲ್ಲಿ ಆಗುವಂಥದ್ದಲ್ಲ.

ಖರ್ಚಿನ ಲೆಕ್ಕ ಹೀಗಿದೆ. ರಾಡು 480, ಬುಷ್ಷಿನ ಉಕ್ಕು 120, ಬೋಲ್ಟುಗಳು 160, ಮಜೂರಿ 900, ಒಟ್ಟು 1,660 ರೂಪಾಯಿ. ಕೆಲಸಕ್ಕೆ ಬಾರದೆ ಹೋದ ನೈಲಾನ್ ಜೋಡಿಗೆ ಸುರಿದ 1,050 ಸೇರಿಸಿದರೆ 2,710. ನಿಮ್ಮ ಗಾಡಿಗೆಂದೇ ಒಳ್ಳೆಯ ಕಂಪನಿಯ ಜೋಡಿ ಸಿಗುವುದಾದರೆ ಉಳಿತಾಯಕ್ಕಾಗಿ ಇಷ್ಟು ಓಡಾಟ ಬೇಡ, ಅದನ್ನೇ ಕೊಳ್ಳಿ. ಸಿಗದಿದ್ದರೆ, ಬೋಲ್ಟು, ಬುಷ್ಷುಗಳ ಲೆಕ್ಕ ಅರ್ಥಮಾಡಿಕೊಂಡು, ‘ಇದು ಏನಕ್ಕೆ ಬರುತ್ತೆ’ ಎಂದು ಮೊದಲು ಕೇಳುವ ಟರ್ನರನ್ನು ಹುಡುಕಿಕೊಂಡು ಮಾಡಿಸಬಹುದು. ನನ್ನ ಜೋಡಿಗೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಫೇರಿಂಗಿಗೆ ತೂತು ಹೊಡೆಯಬೇಕಾದದ್ದಕ್ಕೆ ಒಂದು ಅಂಕ ಕಳೆದಿದ್ದೇನೆ. ಅಂಗಡಿಗೆ ನಾಲ್ಕೂವರೆ, ತಡವಾದದ್ದಕ್ಕೆ ಅರ್ಧ ಕಡಿಮೆ.

ಆ 300 ಮಿಲಿಮೀಟರ್ ರಾಡಿನಲ್ಲಿ ನಾಲ್ಕು ತುಂಡು ಆಗುತ್ತವೆ. ಉಳಿದಿದ್ದ ಎರಡರಲ್ಲಿ ಒಂದನ್ನು ಕಡೆಸಿ, ಹೊಸ ಬುಷ್ಷು, ಹೊಸ ಬೋಲ್ಟಿನೊಡನೆ ಬಲಗಡೆಗೆ ಹಾಕಿ ಮೂರು ತಿಂಗಳಾಯಿತು. ಬಿಗಿದ ದಿನ ಸ್ಲೈಡರಿನ ತೂತಿನೊಳಗೆ ಬೋಲ್ಟಿನ ತಲೆಗೂ ವಾಷರಿಗೂ ಸೇರಿಸಿ ಬಿಳಿ ಪೇಂಟಿನಲ್ಲಿ ಎಳೆದ ಗೆರೆ ಪ್ರತಿ ಸಾವಿರ ಕಿಲೋಮೀಟರಿಗೊಮ್ಮೆ ಟಾರ್ಚ್ ಹಾಕಿ ನೋಡಿದಾಗಲೂ ಒಂದೇ ಗೆರೆಯಾಗಿಯೇ ಇದೆ.